ಆಟಿಗೆ ಮೊದಲೇ ಇಳಿದ ಚೆನ್ನೆಮಣೆ

“ಆಟಿ ತಿಂಗಳು ಅಲ್ಲದೆ ಚೆನ್ನೆ ಆಡ್ಲಿಕ್ಕುಂಟಾ ಮಾರಾಯ್ತಿ? ಮನೆಗೆ ಒಳ್ಳೆದಲ್ಲ. ತೆಗೆದಿಡು!” ಎಂದು ಅಮ್ಮ ತೊದಲುತ್ತಲೇ ಗದರಿದರು.

ಪಾರ್ಶ್ವವಾಯು ಬಡಿದ ಮೇಲೆ ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಬೆರಳುಗಳಿಗೆ ಏನಾದರೂ ಆಟ ಕೊಡಿ ಎಂದು ಮಣಿಪಾಲದ ಆಸ್ಪತ್ರೆಯಲ್ಲಿ ಹೇಳಿದ್ದರಿಂದ, ಪುಟ್ಟ ಮಕ್ಕಳು ಕೋಲಿಗೆ ಪೋಣಿಸುವ ಬಣ್ಣದ ಬಳೆಗಳನ್ನು ತಂದೆ. ಅಮ್ಮ ಅವನ್ನೆಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾರೋ ಎಂದು ಕಾವಲೂ ಕುಳಿತೆ. ಅಮ್ಮ ಮುಖ ತಿರುಗಿಸಿದರು. ಮಗನ ಮೊಬೈಲಿನಲ್ಲಿ ಗುಳ್ಳೆ ಒಡೆಯುವ ಆಟ ಹಾಕಿಕೊಟ್ಟೆ, ಅದೂ ಬೇಡ. ಎಪ್ಪತ್ತೈದು ದಾಟಿದವರಿಗೆ ಎಂದು ಯಾವ ಆಟದ ಡಬ್ಬದ ಮೇಲೂ ಬರೆದಿರುವುದಿಲ್ಲ. ಕೊನೆಗೆ ಅಟ್ಟದಿಂದ ಚೆನ್ನೆಮಣೆ ಇಳಿಸಿ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜದ ಕಾಯಿ ತುಂಬಿ ಎದುರಿಗಿಟ್ಟಿದ್ದೆ.

ಬೈಸಿಕೊಂಡು ಪೆಚ್ಚಾಗಿ ಕುಳಿತೆ. ನಾನು ಏಳದ್ದನ್ನು ಕಂಡು ಅಮ್ಮನೇ ತೆಗೆದಿಡಲು ಹೊರಟರು. ಎಡಗೈಯಲ್ಲಿ ಕಾಯಿಯ ಡಬ್ಬ ಇತ್ತು. ಬಲಗೈ ಮೆಲ್ಲನೆ ಮುಂದೆ ಬಂತು. ನಡುಗುವ ಬೆರಳುಗಳು ಒಂದು ಕಾಯಿಯನ್ನು ಮೂರು ಸಲ ಜಾರಿಸಿ, ನಾಲ್ಕನೆಯ ಸಲ ಹೆಕ್ಕಿದವು. ಅದು ಡಬ್ಬಕ್ಕೆ ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.

ಮಳೆಗಾಲದ ಆಟಿಗೆ ಇನ್ನೂ ಮೂರು ತಿಂಗಳುಂಟು. ನಾನು ದಿನಾ ಚೆನ್ನೆಮಣೆ ಇಡುತ್ತೇನೆ, ಅಮ್ಮ ದಿನಾ ಬೈದು ಕಾಯಿ ಹೆಕ್ಕಿಡುತ್ತಾರೆ. ಮನೆಗೆ ಕೇಡಾದೀತೆಂಬ ಹೆದರಿಕೆ ನನಗೂ ಉಂಟು. ಆದರೆ ಅಮ್ಮ ಬೈಯದೆ ಸುಮ್ಮನಿರುವ ದಿನದ ಹೆದರಿಕೆ ಅದಕ್ಕಿಂತ ದೊಡ್ಡದು.