ಅರಿಷ್ಟದ ಬೂಚಿನ ಹಿಡಿ

ಅರಿಷ್ಟವೆಂಬ ಮದ್ದಿನ ವಾಸನೆ ಬಂದರೆ ಈ ವಯಸ್ಸಿನಲ್ಲೂ ನಾನು ನಿಂತಲ್ಲೇ ನಿಂತುಬಿಡುತ್ತೇನೆ. ಹುಳಿ ಬಂದ ಬೆಲ್ಲ, ಯಾವುದೋ ಬೇರು, ಒಣದ್ರಾಕ್ಷಿ, ಅವೆಲ್ಲದರ ಅಡಿಯಲ್ಲಿ ನೆನೆದ ಬೂಚಿನ ಮಂಕು ವಾಸನೆ. ಈಗಿನ ಬಾಟಲಿಗಳಿಗೆ ಬೂಚೆಲ್ಲಿ? ತಿರುಪಿನ ಮುಚ್ಚಳ ಬಂದಿದೆ. ಆದರೂ ಮೊನ್ನೆ ಸೊಸೆ ಅರಿಷ್ಟವನ್ನು ಚಮಚಕ್ಕೆ ಬಗ್ಗಿಸುತ್ತಿದ್ದಂತೆ ನಾನು ಫಳ್ನೀರಿನ ಹಳೆಯ ಮನೆಯ ಜಗಲಿಗೆ ಹೋಗಿಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಕೈಹಿಡಿದು ಕರೆದುಕೊಂಡು ಹೋಗುವ ಮನೆ ನಿಮ್ಮದೂ ಉಳಿದಿರಲಿಕ್ಕಿಲ್ಲ.

ನಮ್ಮದು ಅಳಿಯಸಂತಾನದ ಮನೆ. ಯಜಮಾನರು ಅಪ್ಪನಲ್ಲ, ಅಮ್ಮನ ಅಣ್ಣ, ನಮ್ಮ ದೊಡ್ಡಮಾವ. ಅಪ್ಪ ಘಟ್ಟದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು, ವರ್ಷಕ್ಕೊಂದೆರಡು ಸಲ ನೆಂಟರ ಹಾಗೆ ಬಂದು ಹೋಗುತ್ತಿದ್ದರು. ದೊಡ್ಡಮಾವನಿಗೆ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿದ್ದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ತನ್ನ ಗಾಳದ ಕೋಲನ್ನು ಅವರಿಗೆ ಕೊಟ್ಟು ಹೋಗಿದ್ದ. ಬಿದಿರನ್ನು ಸೀಳಿ ಅಂಟಿಸಿ ಮಾಡಿದ ಕೋಲು, ದಾರ ಸುತ್ತಲು ಹಿತ್ತಾಳೆಯ ಚಕ್ರ, ಕೈ ಹಿಡಿಯುವಲ್ಲಿ ಒಂದು ಗೇಣು ಉದ್ದಕ್ಕೆ ಬೂಚಿನ ಹಿಡಿ. ಬಂದರಿನಲ್ಲಿ ಮೀನು ರಾಶಿ ಬಿದ್ದಿರುವಾಗ ಇವರು ಭಾನುವಾರ ಬೆಳಿಗ್ಗೆ ಆ ಕೋಲು ಹೊತ್ತು ನೇತ್ರಾವತಿಯ ದಡಕ್ಕೆ ಹೋಗಿ, ಎರಡು ಕಾಣೆ ಮೀನು ಹಿಡಿದು, ಊರು ಗೆದ್ದವರಂತೆ ಬರುತ್ತಿದ್ದರು. ಅಮ್ಮ ನಗುತ್ತಿದ್ದಳು. ಆದರೆ ಆ ಎರಡು ಕಾಣೆಗೆ ಅವಳು ಮಸಾಲೆ ಅರೆಯುತ್ತಿದ್ದ ಶ್ರದ್ಧೆಯನ್ನು ಮತ್ತೆ ಯಾವ ಅಡುಗೆಮನೆಯಲ್ಲೂ ನಾನು ಕಂಡಿಲ್ಲ.

ಯುದ್ಧದ ಕಾಲದಲ್ಲಿ, ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ದೊಡ್ಡಮಾವ ಜಗಲಿಯಲ್ಲಿ ಬಿದ್ದರು. ಮಾತು ಬೇಗ ಮರಳಿತು, ಕಾಲೂ ಹೆಚ್ಚುಕಮ್ಮಿ ಸರಿಯಾಯಿತು. ಬಲಗೈ ಮಾತ್ರ ತಿರುಗಿ ಬರಲಿಲ್ಲ. ಅದನ್ನು ಅವರು ಒಪ್ಪಲಿಲ್ಲ. ಅನ್ನ ಬೆರಳಿನಿಂದ ಉದುರಿದರೆ ಅಕ್ಕಿ ಸರಿಯಿಲ್ಲ, ಅಂಗಿಯ ಗುಂಡಿ ಸೇರದಿದ್ದರೆ ದರ್ಜಿಗೆ ಕಣ್ಣಿಲ್ಲ. ಗಾಳದ ಕೋಲು ಕೈಯಿಂದ ಜಾರಿದ ದಿನವಂತೂ ಜಗಲಿಯಲ್ಲಿ ಕೂತು ಆ ಹಿಡಿಯನ್ನು ಉಗುರಿನಿಂದ ಕೆರೆದು ಕೆರೆದು ಪುಡಿ ಉದುರಿಸಿದರು. ಅದು ಸವೆದದ್ದೂ ನಿಜವೇ. ಹೆಬ್ಬೆರಳು ಕೂರುವಲ್ಲಿ ಹಳ್ಳವೇ ಬಿದ್ದಿತ್ತು.

"ನೋಡು ಕಮಲಾ, ಬೂಚು ಇಷ್ಟು ಸವೆದರೆ ಯಾರ ಕೈಯಲ್ಲಿ ನಿಲ್ತದೆ? ಹೊಸತು ಹಾಕಿದರೆ ಆಯ್ತು, ಮತ್ತೆ ಎಂತ ತೊಂದರೆಯೂ ಇಲ್ಲ" ಎಂದರು.

ಅಮ್ಮ ಹೌದೆಂದಳು. ಹೇಳಿ ಕೇಳಿ ಯುದ್ಧದ ಕಾಲ, ಬೂಚು ಹಡಗಿನಲ್ಲಿ ಬರಬೇಕಾದದ್ದು; ಹಂಪನಕಟ್ಟೆಯ ಅಂಗಡಿಗಳಲ್ಲಿ ಕೇಳಿದರೆ ಇಲ್ಲವೆಂದು ಕೈಯಾಡಿಸಿದರು. ಕೊನೆಗೆ ಅಮ್ಮನ ಕಣ್ಣಿಗೆ ಬಿದ್ದದ್ದು ದೊಡ್ಡಮಾವನದೇ ಔಷಧದ ಬಾಟಲಿ. ಪಂಡಿತರು ಕೈಗೆಂದು ಕೊಟ್ಟಿದ್ದ ಅರಿಷ್ಟದ ಆ ಅಗಲ ಬಾಯಿಯ ಬಾಟಲಿಗೆ ದಪ್ಪನೆಯ ಬೂಚಿತ್ತು. ಒಂದು ಬಾಟಲಿ ಖಾಲಿಯಾದರೆ ಒಂದು ಬೂಚು. ಅಲ್ಲಿಯವರೆಗೆ ಮದ್ದೆಂದರೆ ಮುಖ ತಿರುಗಿಸುತ್ತಿದ್ದ ದೊಡ್ಡಮಾವ ಈಗ ಹೊತ್ತು ಹೊತ್ತಿಗೆ ಕೇಳಿ ಕುಡಿಯತೊಡಗಿದರು. "ಇನ್ನೊಂದು ಚಮಚ ಹಾಕು ಮಾರಾಯ್ತಿ, ಬಾಟಲಿ ಮುಗಿಯಲಿ" ಎನ್ನುವರು. ಕೈಗಾಗಿ ಕುಡಿಯಬೇಕಾದ ಮದ್ದನ್ನು ಬೂಚಿಗಾಗಿ ಕುಡಿಯುವ ಅವರನ್ನು ಕಂಡು ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಮ್ಮ ನಗುತ್ತಿರಲಿಲ್ಲ. ಹೇಗಾದರೂ ಮದ್ದು ಹೊಟ್ಟೆಗೆ ಹೋಗುತ್ತದಲ್ಲ ಎಂಬುದೇ ಅವಳ ಸಮಾಧಾನ.

ಕೆಲಸ ಮಾಡಿದ್ದೂ ಅಮ್ಮನೇ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಒಲೆಯ ಮುಂದೆ ಕೂತು, ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಿ ಬೂಚಿನ ನಡುವೆ ತೂತು ಕೊರೆಯುತ್ತಿದ್ದಳು. ಸುಟ್ಟ ಬೂಚಿನ ಹೊಗೆಗೆ ಅರಿಷ್ಟದ ಸಿಹಿ ಸೇರಿ ಅಡುಗೆಮನೆಯೆಲ್ಲ ಘಮ್ಮೆನ್ನುತ್ತಿತ್ತು. ಕೋಲಿನ ಬುಡದ ಹಿತ್ತಾಳೆಯ ಟೊಪ್ಪಿ ತೆಗೆದು, ಹಳೆಯ ಹಿಡಿ ಕಿತ್ತು, ಬೂಚುಗಳನ್ನು ಒಂದರ ಹಿಂದೆ ಒಂದು ಪೋಣಿಸಿ, ಸರೇಸಿನ ಅಂಟು ಹಚ್ಚಿ ಕೂರಿಸಿ, ಹಂಚಿನ ಚೂರಿನಿಂದ ಉಜ್ಜಿ ನುಣುಪು ಮಾಡುವುದು. ಇಷ್ಟು ಚೊಕ್ಕ ಕೆಲಸದ ಹೆಂಗಸು ಒಂದು ದಿನ ಚೆನ್ನಾಗಿ ಕೊರೆದ ಬೂಚನ್ನು ಹಿಂದೆಮುಂದೆ ತಿರುಗಿಸಿ ನೋಡಿ ಒಲೆಗೆ ಹಾಕಿಬಿಟ್ಟಳು. ಕೆಲವು ದಿನ ಕಳೆದು ಇನ್ನೊಂದನ್ನೂ ಹಾಕಿದಳು.

"ಅಮ್ಮಾ, ಅದು ಸರಿ ಇತ್ತಲ್ಲ!" ಎಂದೆ.

ಅವಳು ಜಗಲಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ಸರಿ ಇತ್ತು. ಈ ಹಿಡಿ ಮುಗಿದರೆ ಮತ್ತೆ ಅವರು ಯಾರನ್ನು ದೂರುದು, ಹೇಳು?"

ಅಂದಿನಿಂದ ನನ್ನ ನಗೆ ನಿಂತಿತು. ಜಗಲಿಯಿಂದ "ಎಷ್ಟಾಯ್ತು?" ಎಂಬ ಕೂಗು ಬಂದಾಗಲೆಲ್ಲ ನಾನು ಅಮ್ಮನ ಮುಖ ನೋಡುತ್ತಿದ್ದೆ. "ಇನ್ನೂ ಸ್ವಲ್ಪ ಉಂಟು ಅಣ್ಣ" ಎನ್ನುತ್ತಿದ್ದಳು. ನನಗೆ ಆ ಹಿಡಿ ಎಂದೂ ಮುಗಿಯಬಾರದು ಅನ್ನಿಸುತ್ತಿತ್ತು. ಆದರೆ ದೊಡ್ಡಮಾವ ಮದ್ದು ಕುಡಿಯುವ ವೇಗಕ್ಕೆ ಅಮ್ಮ ಎಷ್ಟು ಬೂಚು ಸುಟ್ಟಾಳು? ಹಿಡಿ ಮುಗಿಯಿತು. ದೊರೆಯ ಹಿಡಿಗಿಂತ ಚೆನ್ನಾಗಿತ್ತು.

ಆ ಭಾನುವಾರ ಅಮ್ಮನೂ ಹೊಳೆಗೆ ಬಂದಳು. ಹಾಗೆಲ್ಲ ಬರುವವಳಲ್ಲ, ಗಾಳಕ್ಕೆ ಸಿಕ್ಕಿಸುವ ಸಿಗಡಿಯ ಡಬ್ಬಿ ಹೊರಲು ಯಾರಾದರೂ ಬೇಕಲ್ಲ ಎಂದು ನೆಪ ಹೇಳಿದಳು. ಕಡಲು ಉಬ್ಬಿ ಬಂದ ಭರತದ ನೀರು ದಡದ ಕಲ್ಲುಗಳವರೆಗೆ ತುಂಬಿತ್ತು. ದೊಡ್ಡಮಾವ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಸುತ್ತ ಮಡಚಿ ಕೂರಿಸಿಕೊಂಡರು. ಕೋಲನ್ನು ಹಿಂದಕ್ಕೆ ಎತ್ತಿದರು. ಅದು ಅವರ ಕೈಯಿಂದ ಮೆಲ್ಲಗೆ, ಸದ್ದೇ ಇಲ್ಲದೆ ಜಾರಿ ಕೆಸರಿಗೆ ಬಿತ್ತು.

ಅಮ್ಮ ಓಡಿ ಎತ್ತಿಕೊಂಡು ಸೆರಗಿನಿಂದ ಒರೆಸಿದಳು. "ನುಣುಪು ಹೆಚ್ಚಾಯ್ತು ಅಣ್ಣ. ನನ್ನದೇ ತಪ್ಪು. ನಾಳೆ ಪುನಃ ಉಜ್ಜಿ ಸರಿ ಮಾಡ್ತೇನೆ."

ದೊಡ್ಡಮಾವ ಎಡಗೈಯಿಂದ ಆ ಹಿಡಿಯನ್ನು ಸವರಿದರು. "ಬೇಡ ಕಮಲಾ. ಹಿಡಿ ಒಳ್ಳೆದುಂಟು. ನೀನು ಚಂದ ಮಾಡಿದ್ದಿ" ಎಂದರು. ಕಲ್ಲಿನ ಮೇಲೆ ಕೂತು, "ಇಷ್ಟು ದೂರ ಬಂದಾಯ್ತಲ್ಲ. ನೀನೇ ಹಾಕು, ನಾನು ನೋಡ್ತೇನೆ" ಎಂದರು.

ಆ ಮನೆ ಇದ್ದಲ್ಲಿ ಈಗ ಆಸ್ಪತ್ರೆಯವರು ಕಾರು ನಿಲ್ಲಿಸುತ್ತಾರೆ. ದೊಡ್ಡಮಾವ ಮುಂದಿನ ಮಳೆಗಾಲ ಕಾಣಲಿಲ್ಲ, ಅಮ್ಮ ಹೋಗಿಯೂ ಎಷ್ಟೋ ಕಾಲವಾಯಿತು. ಆದರೆ ಹುಟ್ಟಿದಂದಿನಿಂದ ಗಾಳ ಮುಟ್ಟದ ಅಮ್ಮ ಅಂದು ಗಾಳ ಎಸೆದು ಹೊಳೆಗೆ ಮುಖ ಮಾಡಿ ನಿಂತದ್ದು ಇವತ್ತಿಗೂ ನನ್ನ ಕಣ್ಣೆದುರಿಗಿದೆ. ಸ್ವಲ್ಪ ಹೊತ್ತಿನಲ್ಲೇ ದಾರ ಬಿಗಿಯಾಯಿತು, ಕೋಲು ಬಿಲ್ಲಿನಂತೆ ಬಾಗಿತು. "ಅಣ್ಣಾ, ಎಂತ ಮಾಡುದು?" ಎಂದು ಅಮ್ಮ ಕೂಗಿದಳು. "ಚಕ್ರ ತಿರುಗಿಸು, ತಿರುಗಿಸು! ಅತ್ತ ಅಲ್ಲ, ಇತ್ತ!" ದೊಡ್ಡಮಾವ ಎದ್ದು ನಿಂತಿದ್ದರು. ಅಭ್ಯಾಸಬಲದಿಂದ ಬಲಗೈಯನ್ನು ಎತ್ತಲು ನೋಡಿದರು, ಅದು ಏಳಲಿಲ್ಲ. ಗೊತ್ತಿದ್ದವರಿಗೆ ಕೈಯಿರಲಿಲ್ಲ, ಕೈಯಿದ್ದವಳಿಗೆ ಗೊತ್ತಿರಲಿಲ್ಲ, ನಾನೋ ಅಳುತ್ತಿದ್ದೆ. "ಬಿಡು ಕಮಲಾ, ಹೋಗಲಿ ಅದು" ಎಂದರು ದೊಡ್ಡಮಾವ. ದಾರ ಕಡಿದು ನೀರಿನ ಮೇಲೆ ಸಡಿಲವಾಗಿ ತೇಲಿತು. ಅಮ್ಮ ಮಾತ್ರ ಆ ಹಿಡಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು, ನಮ್ಮ ಕಡೆ ತಿರುಗದೆ, ಹಾಗೆಯೇ ನಿಂತಿದ್ದಳು.