ಗುಡ್ಡದ ಮೇಲಿನ ಹಳೇ ಲೈನ್

ಗೋಣಿಬೀಡಿನಲ್ಲಿ ಇಂಟರ್ನೆಟ್ ಹೋದರೆ ಜನ ಬೈಯುವುದು ತಯ್ಯಬ್ ಸಾಬರನ್ನು. ಊರಿಗೂ ಸುತ್ತಲಿನ ಕಾಫಿ ತೋಟಗಳಿಗೂ ಲೈನ್ ಎಳೆದವರು ಅವರೇ. ಮರ ಬಿದ್ದರೂ ಅವರೇ ಓಡಬೇಕು, ಮಂಗ ಜಗ್ಗಿದರೂ ಅವರೇ. ಗುಡ್ಡ ಹತ್ತಿ ಇಳಿದು ಮೊಣಕಾಲು ಸವೆದುಹೋಗಿತ್ತು. ಸಾಕಪ್ಪಾ ಸಾಕು ಎನ್ನಿಸಿತ್ತು.

ಈ ಸಲ ಮಳೆಗಾಲಕ್ಕೆ ಮೊದಲೇ ಎಲ್ಲ ಮನೆಗಳ ಲೈನೂ ಬಂದು ಸೇರುವ ದೊಡ್ಡ ಬಾಕ್ಸ್ ಕೈಕೊಟ್ಟಿತು. ಹೊಸದಕ್ಕೆ ಚಿಕ್ಕಮಗಳೂರಿಗೆ ಹೋದರೆ ಅಂಗಡಿಯ ರಾಜೀವ್ ಎರಡು ತೋರಿಸಿದ. ಒಂದು ಫೈಬರಿಗೆಂದೇ ಮಾಡಿದ್ದು, ಸಿಕ್ಕಿಸಿದರೆ ಮುಗಿಯಿತು. ಇನ್ನೊಂದರಲ್ಲಿ ಖಾನೆಗಳಿದ್ದವು. ಫೈಬರಿನ ಕಾರ್ಡನ್ನೂ ಹಾಕಬಹುದು, ಹಳೇ ತಾಮ್ರದ ತಂತಿಯ ಕಾರ್ಡನ್ನೂ ಹಾಕಬಹುದು. ಆದರೆ ಅದರ ಚಾಕರಿ ಒಂದೆರಡಲ್ಲ.

"ತಾಮ್ರ ಈಗ ಯಾರಿಗ್ ಬೇಕು ಸಾಬ್ರೇ? ಫೈಬರಿಂದೇ ತಗೊಂಡು ಆರಾಮಾಗಿರಿ," ಎಂದ ರಾಜೀವ್.

ತಾಮ್ರದ ತಂತಿ ಉಳಿದಿದ್ದು ಗುಡ್ಡದ ಮೇಲಿನ ನಂಜಮ್ಮನ ನ್ಯಾಯಬೆಲೆ ಅಂಗಡಿಗೆ ಮಾತ್ರ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಲೈನ್ ತೆಗೆದರೆ ಹೆಬ್ಬೆಟ್ಟಿನ ಮಿಷನ್ ಓಡುವುದಿಲ್ಲ, ತೋಟದ ಕೂಲಿಯವರು ಅಕ್ಕಿಗೆ ಗುಡ್ಡ ಇಳಿದು ಬರಬೇಕು. ಫೈಬರ್ ಎಳೆಯೋಣವೆಂದರೆ, ವರ್ಷವೂ ನೆರಳುಮರಗಳ ಕೊಂಬೆ ಕಡಿಯುವ ಮರಗಸಿಯಲ್ಲಿ ಅದು ತುಂಡಾಗುವುದು ಖಂಡಿತ. ಫೈಬರಿನ ಗಾಜಿನ ಎಳೆ ಬೆಸೆಯುವ ಮಿಷನ್ ಹೊತ್ತು ಮತ್ತೆ ಗುಡ್ಡ ಹತ್ತಬೇಕು. ಇದೆಲ್ಲ ಗೊತ್ತಿದ್ದೂ ತಯ್ಯಬ್ ಸಾಬರು ಫೈಬರಿನ ಬಾಕ್ಸಿಗೇ ಹೇಳಿ ಬಂದರು.

ಎದುರಿಗೆ ಹೇಳದೆ ಲೈನ್ ಕೀಳುವುದು ಸರಿಯಲ್ಲವೆಂದು ಮರುದಿನ ಗುಡ್ಡ ಹತ್ತಿದರು. ದಾರಿಯಲ್ಲಿ ಮರಗಸಿ ನಡೆದಿತ್ತು, ತಂತಿ ತುಂಡಾಗಿತ್ತು. ಯಾರೋ ತುದಿಗಳನ್ನು ಹೊಸೆದು, ಪ್ಲಾಸ್ಟಿಕ್ ಸುತ್ತಿ, ಬಾಳೆನಾರಿನಿಂದ ಕಾಫಿ ಗಿಡಕ್ಕೆ ಕಟ್ಟಿದ್ದರು. ಇದೆಂಥ ಕೆಲಸ ಎಂದು ಸಿಡುಕುತ್ತಲೇ ಅಂಗಡಿ ಸೇರಿದರೆ, ಹೆಬ್ಬೆಟ್ಟಿನ ಮಿಷನ್ ತೆವಳುತ್ತಾ ಓಡುತ್ತಿತ್ತು, ಅಕ್ಕಿಗೆ ನಿಂತವರ ಸಾಲೂ ಕರಗುತ್ತಿತ್ತು.

"ಯಾರು ನಂಜಮ್ಮಾ ಅದನ್ನ ಕಟ್ಟಿದ್ದು?"

"ತೋಟದ ಮೇಸ್ತ್ರಿ ಕುಮಾರ," ನಂಜಮ್ಮ ಅಕ್ಕಿ ತೂಗುತ್ತಲೇ ಹೇಳಿದರು. "ನಿಮಗೆ ಹೇಳಿ ಕಳಿಸ್ಬೇಡ ಅಂತ ನಾನೇ ಅಂದೆ ಸಾಬ್ರೇ. ಹೋದ್ಸಲ ಬಂದಾಗ ಮೊಣಕಾಲು ಹಿಡ್ಕೊಂಡು ಕೂತಿದ್ರಲ್ಲ, ಪಾಪ. ನಿಧಾನ ಆದ್ರೂ ಓಡ್ತದೆ, ನಾವೇ ಸುಧಾರಿಸ್ಕೊಳ್ತೀವಿ. ಇವತ್ತು ಮತ್ಯಾಕೆ ಹತ್ಕೊಂಡು ಬಂದ್ರಿ?"

ತಯ್ಯಬ್ ಸಾಬರಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಹಾಗೇ ಸುಮ್ನೆ, ನೋಡ್ಕೊಂಡು ಹೋಗೋಣ ಅಂತ," ಎಂದರು.

ಸಾಲು ಮುಗಿಯುವವರೆಗೆ ಕಾದು, ಇಳಿಯುವಾಗ ಆ ಗಂಟು ಬಿಚ್ಚಿ ತಂತಿಯನ್ನು ಸರಿಯಾಗಿ ಜೋಡಿಸಿದರು. ಸಿಗ್ನಲ್ ಸಿಗುವ ತಿರುವಿನಲ್ಲಿ ಕಲ್ಲಿನ ಮೇಲೆ ಕುಕ್ಕರಿಸಿ ರಾಜೀವನಿಗೆ ಫೋನ್ ಮಾಡಿದರು.

"ಖಾನೆ ಇರೋದೇ ಕಳಿಸು ಮಾರಾಯ. ತಾಮ್ರದ ಕಾರ್ಡೂ ಇರ್ಲಿ."

"ಮತ್ತೆ ಆ ಗುಡ್ಡ ಯಾರು ಹತ್ತೋದು ಸಾಬ್ರೇ?"

"ನಾನೇ," ಎಂದು ಫೋನಿಟ್ಟರು. ಏಳಲು ನೋಡಿದರೆ ಮೊಣಕಾಲು ಒಪ್ಪಲಿಲ್ಲ, ಇನ್ನಷ್ಟು ಹೊತ್ತು ಅಲ್ಲೇ ಕೂತರು.