ಅಳಿಯನ ತಲೆ, ಗಾದ್ರಮ್ಮನ ಸ್ವೆಟರ್

ಜಗಳೂರಿನಲ್ಲಿ ಗಾದ್ರಮ್ಮನ ಕೈಯ ಸ್ವೆಟರ್ ಗುರುತಿಸುವುದು ಸುಲಭ. ಒಳಹೊರಗು ತಿರುಗಿಸಿ ನೋಡಿದರೂ ದಾರದ ತುದಿ ಸಿಗುವುದಿಲ್ಲ. ಕಲಿಯಲು ಬರುವ ಹೆಣ್ಣುಮಕ್ಕಳಿಗೆ ಆಕೆ ಮೊದಲು ಹೇಳಿಕೊಡುವುದೇ ಅದು. ದಾರ ಮುಗಿದ ಕಡೆ ಗಂಟು ಹಾಕಬಾರದು, ಗಂಟು ಮೈಗೆ ಚುಚ್ಚುತ್ತದೆ. ಗೇಣುದ್ದ ಬಿಟ್ಟು, ದಬ್ಬಳಕ್ಕೆ ಪೋಣಿಸಿ, ಹೆಣಿಗೆಯ ಹಿಂಬದಿಯಲ್ಲಿ ಹೋದ ದಾರಿಯಲ್ಲೇ ಒಮ್ಮೆ ಹಿಂದಿರುಗಬೇಕು. ಆಮೇಲೆ ಎರಡನೆಯ ಪಾಠ: ಮೊದಲು ಅಂಗೈಯಗಲ ಹೆಣೆದು ಅಳೆಯಿರಿ, ಒಬ್ಬೊಬ್ಬರ ಕೈ ಒಂದೊಂದು ಥರ. ಗಾದ್ರಮ್ಮನದು ಬಿಗಿ ಕೈ. "ನಿನ್ನ ಸ್ವೆಟರ್‌ನಾಗೆ ನೀರು ತುಂಬಿ ಹೊತ್ಕಂಡು ಬರಬೌದು ನೋಡಕ್ಕಾ" ಎಂದು ಪಕ್ಕದ ಮನೆಯ ನೂರ್‌ಜಹಾನ್ ಕಾಡಿಸುತ್ತಿದ್ದಳು.

ಅಳಿಯ ಸಿದ್ದೇಶ್ ನ್ಯಾಮತಿಯಲ್ಲಿ ಲೈನ್‌ಮ್ಯಾನ್. ನಸುಕಿನಲ್ಲೇ ಬೈಕ್ ಹತ್ತುತ್ತಾನೆ, ಕುತ್ತಿಗೆಗೆ ಗಾಳಿ ಬಡಿದು ಕೆಮ್ಮುತ್ತಾನೆ ಎಂದು ಮಗಳು ಪ್ರಮೀಳಾ ಫೋನಿನಲ್ಲಿ ಹೇಳಿದ ದಿನವೇ ಗಾದ್ರಮ್ಮ ಬೂದು ಬಣ್ಣದ ಉಲ್ಲನ್ ತಂದಳು. ಮದುವೆಯಾಗಿ ವರ್ಷವಾದರೂ ಆ ಹುಡುಗ ಅತ್ತೆ ಮನೆಯಲ್ಲಿ ಇಂಥದು ಬೇಕು ಎಂದವನಲ್ಲ. ಬಡಿಸಿದ್ದನ್ನು ತಿಂದು, ಕೇಳಿದ್ದಕ್ಕೆ ಹೂಂಗುಟ್ಟಿ ಬಸ್ಸು ಹತ್ತುತ್ತಿದ್ದ. ತನ್ನ ಕೈಯದೊಂದು ಅವನ ಮೈಮೇಲಿರಲಿ ಎಂಬುದು ಆಕೆಯ ಆಸೆ.

ತೊಡಕಿದ್ದದ್ದು ಅಳತೆಯಲ್ಲಿ. ಅವರ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಲ್ಲುವುದಿಲ್ಲ. ಮಾತಿದ್ದರೆ ಬಾಗಿಲ ಮರೆಯಿಂದ, ತಲೆಯ ಮೇಲೆ ಸೆರಗೆಳೆದುಕೊಂಡು, ಅದೂ ಗಂಡನ ಬಾಯಿಂದ. ಇನ್ನು ಟೇಪು ಹಿಡಿಯುವುದು ಎಲ್ಲಿಯ ಮಾತು? ಅವನ ಹಳೇ ಅಂಗಿ ತರಿಸಿಕೊಂಡಳು. ಎದೆ, ಭುಜ, ತೋಳು ಎಲ್ಲ ಅದರಲ್ಲಿ ಸಿಕ್ಕಿತು. ಆದರೆ ಗುಂಡಿ ಬಿಚ್ಚಿ ತೊಡುವ ಅಂಗಿ ತಲೆಯ ಅಳತೆ ಹೇಳುವುದಿಲ್ಲ, ಮಗಳನ್ನು ಕೇಳುವುದು ಆಕೆಗೆ ಹೊಳೆಯಲೂ ಇಲ್ಲ. ಕುತ್ತಿಗೆಯ ಭಾಗವನ್ನು ಗಂಡ ಪಾಲಣ್ಣನ ತಲೆಗೆ ತೂರಿಸಿ ನೋಡಿ, ಸಾಕು ಅಂದುಕೊಂಡಳು. ಪಾಲಣ್ಣನದು ನಿಂಬೆಹಣ್ಣಿನಂಥ ತಲೆ. ಸಾಲದ್ದಕ್ಕೆ, ಗಾಳಿ ನುಗ್ಗಬಾರದೆಂದು ಕೊನೆಯ ಸಾಲನ್ನು ಇನ್ನಷ್ಟು ಬಿಗಿದು ಮುಚ್ಚಿದಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಾಲಣ್ಣ ಸ್ವೆಟರ್ ಕೊಟ್ಟ. ಸಿದ್ದೇಶ್ ಎರಡೂ ತೋಳು ತೂರಿಸಿ ತಲೆ ಹಾಕಿದ. ನೆತ್ತಿಯ ಒಂದು ಮುಷ್ಟಿ ಕೂದಲು ಮೇಲೆ ಬಂದು ನಿಂತಿತು. ಮುಂದಕ್ಕೆಳೆದರೆ ಹಣೆ, ಹಿಂದಕ್ಕೆಳೆದರೆ ಕಿವಿ. ಕೈಗಳೆರಡೂ ಮೇಲಕ್ಕೆ, ಮುಖ ಉಣ್ಣೆಯೊಳಗೆ.

"ಹೂಂ" ಅಂದ ಒಳಗಿನಿಂದ.

ಪ್ರಮೀಳಾ ಬಿಡಿಸಲು ಹೋದವಳು ನಗು ತಡೆಯಲಾರದೆ ನೆಲಕ್ಕೆ ಕೂತಳು. ಪಾಲಣ್ಣ ಹಿತ್ತಲಿಗೆ ಓಡಿದ. ಅವನದು ಕುರಿ ವ್ಯಾಪಾರ. ಬರುವಾಗ ಕೈಯಲ್ಲಿ ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ.

"ಅಯ್ಯೋ ವೀರಭದ್ರಸ್ವಾಮೀ! ಕತ್ತರಿ ತಾಗಿಸಬ್ಯಾಡ್ರಿ!" ಬಾಗಿಲ ಮರೆಯಿಂದ ಗಾದ್ರಮ್ಮ ಕೂಗಿದಳು. "ಒಂದು ಕುಣಿಕೆ ಕತ್ತರಿಸಿದ್ರೆ ಎಲ್ಲಾ ಬಿಚ್ಕಂತೈತೆ. ಎಡಗಿವಿ ಹಿಂದೆ ದಾರದ ತುದಿ ಐತೆ, ಹುಡುಕ್ರಿ."

ಪಾಲಣ್ಣ ಹುಡುಕಿದ. "ಎಲ್ಲೈತೇ? ಏನೂ ಇಲ್ಲ ಇಲ್ಲಿ."

"ಐತ್ರೀ, ನಾನೇ ಅಡಗಿಸೀನಿ."

"ಅಡಗಿಸಿದಾಕಿ ನೀನೇ ಬಂದು ತೆಗಿ! ಇದು ಕಿವಿಯೋ ಮೂಗೋ ಅದೇ ತಿಳೀವಲ್ದು ನನಗೆ."

ಜರಡಿ ಹಿಂದಿರುಗಿಸಲು ಬಂದ ನೂರ್‌ಜಹಾನ್ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. "ಗಾದ್ರಕ್ಕಾ, ಹೋಗಿ ಬಿಚ್ಚಬಾರ್ದಾ?"

"ಹೆಂಗೆ ಹೋಗ್ಲೇ? ಅಳಿಯಂದಿರು!"

"ನಿನ್ನ ತಲೆ ಮೇಲೆ ಸೆರಗೈತೆ. ಅವರ ತಲೆ ಮೇಲೆ ಇಡೀ ಸ್ವೆಟರೇ ಐತೆ. ಯಾರು ಯಾರನ್ನ ನೋಡ್ತೀರಿ?"

ಪಾಲಣ್ಣ ಕತ್ತರಿಯ ಬಾಯಿ ಅಗಲಿಸುತ್ತಿದ್ದ. ಗಾದ್ರಮ್ಮ ಗೂಡಿನ ದೇವರಿಗೊಮ್ಮೆ ಕೈಮುಗಿದು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಹೊರಬಂದು ಗಂಡನನ್ನು ಪಕ್ಕಕ್ಕೆ ಸರಿಸಿದಳು. ಬೆರಳು ಅಂಚಿನಗುಂಟ ಹರಿದಾಡಿತು. ಅಡಗಿಸಿದ ಕಡೆ ಹೆಣಿಗೆ ಕೂದಲೆಳೆಯಷ್ಟು ದಪ್ಪ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.

ಉಣ್ಣೆಯೊಳಗೆ ಹೊರಗಿನ ಮಾತು ಅರ್ಧಂಬರ್ಧ ಕೇಳುತ್ತಿತ್ತು; ಬಂದದ್ದು ಯಾರ ಕೈಯೆಂದು ಸಿದ್ದೇಶನಿಗೇನು ಗೊತ್ತು? "ಮಾವಾರೆ, ಕತ್ತರಿ ಮಾತ್ರ ಹಾಕಬ್ಯಾಡ್ರಿ" ಅಂದ. "ಹಾಳಾದ ತಲೆ ನಂದೇ ದೊಡ್ಡದು. ಶಾಲೇಲಿ ಕುಂಬಳಕಾಯಿ ಅಂತಿದ್ರು. ಮೊದ್ಲೇ ಹೇಳಬೇಕಿತ್ತು, ಅತ್ತೇರಿಗೆ ಹೆಂಗೆ ಹೇಳೋದು ಅಂತ ಸುಮ್ನಾದೆ."

"ತಲೆ ಅಲ್ಲಾಡಿಸಬ್ಯಾಡ್ರಿ" ಅಂದಳು ಗಾದ್ರಮ್ಮ.

ಸಿದ್ದೇಶ್ ಕಂಬದಂತೆ ನಿಂತ.

ತುದಿ ಸಿಕ್ಕಿತು. ಎಳೆದಂತೆ ಕೊನೆಯ ಸಾಲು ಸರಸರ ಬಿಚ್ಚಿತು. ಹಣೆ, ಕಣ್ಣು, ಕೆಂಪಾದ ಎರಡು ಕಿವಿ ಹೊರಬಂದವು. ಗಾದ್ರಮ್ಮ ಒಳಗೋಡುವಳೆಂದು ಎಲ್ಲರೂ ಕಾದರು. ಓಡುವುದು ಹೇಗೆ? ಅವನ ಕೊರಳ ಸುತ್ತ ಕುಣಿಕೆಗಳು ಬಾಯಿ ತೆರೆದು ನಿಂತಿದ್ದವು. ಒಂದು ಜಾರಿದರೂ ಹೆಣಿಗೆ ಎದೆಯವರೆಗೆ ಬಿಚ್ಚಿಹೋಗುತ್ತದೆ.

"ಪ್ರಮೀಳಾ, ಹೆಣಿಯೋ ಕಡ್ಡಿ ತಾ. ಮುಚ್ಚಾಕೆ ಆ ದಪ್ಪಂದೂ ಇರ್ಲಿ. ನೀವು ಕುಂದರ್ರಿ. ಉಗುಳು ನುಂಗಬ್ಯಾಡ್ರಿ."

ಕೊರಳ ಸುತ್ತ ನಾಲ್ಕು ಕಡ್ಡಿ ಚಾಚಿಕೊಂಡು ಸಿದ್ದೇಶ್ ಗದ್ದ ಎತ್ತಿ ಕುಳಿತ. ಗಾದ್ರಮ್ಮ ಕುಣಿಕೆಗಳನ್ನೆಲ್ಲ ಕಡ್ಡಿಗೇರಿಸಿ, ಈ ಸಲ ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚತೊಡಗಿದಳು. ಸೆರಗು ಯಾವಾಗಲೋ ಹೆಗಲಿಗೆ ಬಿದ್ದಿತ್ತು.

"ಬಿಗಿ ಐತೇನ್ರಿ?"

"ಹೂಂ..." ಅಂದವನು ತಡೆದು, "ಬಿಗಿ ಐತ್ರಿ ಅತ್ತೇರೆ" ಅಂದ. ಆಕೆ ನಾಲ್ಕು ಕುಣಿಕೆ ಹಿಂದಕ್ಕೆ ಬಿಚ್ಚಿದಳು.

"ಈಗ?"

"ಈಗ ಸರಿ ಐತೆ." ಗದ್ದ ಇಳಿಸದೆ, ಸೂರು ನೋಡುತ್ತಲೇ ಸೇರಿಸಿದ, "ಮತ್ತೆ... ಬದ್ನೇಕಾಯಿ ಪಲ್ಯ ನನಗೆ ಆಗಾಕಿಲ್ರಿ. ವರ್ಷದಿಂದ ತಿಂತಾ ಬಂದೀನಿ."

ಪ್ರಮೀಳಾ ಮತ್ತೆ ನೆಲಕ್ಕೆ ಕೂತಳು. ಗಾದ್ರಮ್ಮ ಕಡ್ಡಿ ಹಿಡಿದಲ್ಲೇ ನಕ್ಕಳು. ಕಣ್ಣೊರೆಸಿಕೊಂಡು ಉಳಿದ ಸಾಲು ಮುಗಿಸಿ, "ತೆಗೀರಿ, ಇನ್ನೊಮ್ಮೆ ಹಾಕಿ ನೋಡಾನ" ಅಂದಳು.

ಸಿದ್ದೇಶ್ ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. "ಬ್ಯಾಡ್ರಿ ಅತ್ತೇರೆ. ಹೆಂಗೋ ಒಳಗೆ ಬಂದೀನಿ. ನ್ಯಾಮತಿಗೆ ಹೋಗಿ ತೆಗಿತೀನಿ."

ಜಗಳೂರಿನ ಮಧ್ಯಾಹ್ನದ ಸೆಕೆಯಲ್ಲಿ ಅವನು ಸ್ವೆಟರ್ ತೊಟ್ಟು ಬೆವರುತ್ತ ಕುಳಿತ. ಗಾದ್ರಮ್ಮ ಎದುರಿಗೇ ಚಾಪೆ ಹಾಸಿ ಕುಳಿತು, ಮೊರದಿಂದ ಗಾಳಿ ಬೀಸುತ್ತ, ಯಾವ ಪಲ್ಯ ಆಗುತ್ತದೆಂದು ಒಂದೊಂದಾಗಿ ಕೇಳತೊಡಗಿದಳು.